ಮೂರನೇ ಕೈಯ ಬೇರುನಾಳ

ನಮ್ಮ ಬೀದಿಯ ನಲ್ಲಿ ರಿಪೇರಿಯವನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದೆ. ಅದು ಅವನ ಮದುವೆಯ ಪತ್ರಿಕೆಯಲ್ಲಿ ಅಚ್ಚಾಗಿತ್ತಂತೆ. ಆಮೇಲೆ ಯಾರೂ ಬಳಸಿಲ್ಲವಾದ್ದರಿಂದ ಈಗಲೂ ಹೊಸದಾಗಿಯೇ ಇರಬಹುದು. ಊರಿಗೆಲ್ಲ ಅವನು ಮೂರ್ಕೈ. ಮೂರು ಕೈ ಇರುವವನು ಎಂದರ್ಥ. ಎರಡು ಕೈ ನಮ್ಮ ನಿಮ್ಮ ಹಾಗೆ ಹೆಗಲಿನಿಂದ ಜೋತುಬಿದ್ದಿವೆ. ಮೂರನೆಯದು ಅವನ ಬಾಯಿಯೊಳಗಿತ್ತು. ಬಲಗಡೆ ಕೆಳದವಡೆಯ ದೊಡ್ಡ ಹಲ್ಲೇ ಆ ಕೈ.

ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ಎಂದರೆ ಬೆಕ್ಕು ಕೂಡ ಹೊಟ್ಟೆಯನ್ನು ಒಳಗೆಳೆದುಕೊಂಡು ನುಗ್ಗಬೇಕಾದ ಜಾಗ. ಅಲ್ಲಿ ಅಂಗಾತ ಮಲಗಿ, ಒಂದು ಕೈಯಲ್ಲಿ ಪೈಪು ಹಿಡಿದು ಇನ್ನೊಂದರಲ್ಲಿ ಪಾನಾ ತಿರುಗಿಸುವಾಗ ಟಾರ್ಚು ಹಿಡಿಯುವವರು ಯಾರು? ಮೂರ್ಕೈಗೆ ಆ ಪ್ರಶ್ನೆಯೇ ಇರಲಿಲ್ಲ. ಒಂದು ಗೇಣುದ್ದದ ಉಕ್ಕಿನ ಟಾರ್ಚನ್ನು ದವಡೆಗೆ ಕಚ್ಚಿಕೊಂಡರೆ ಮುಗಿಯಿತು. ಮೂವತ್ತು ವರ್ಷ ಹೀಗೇ ನಡೆಯಿತು. ಆ ಹಲ್ಲಿನ ಹಿಡಿತ ಎಂಥದ್ದೆಂದರೆ, ಒಮ್ಮೆ ಹಳೆಯ ಮನೆಯೊಂದರ ಮರದ ನೆಲದಡಿ ತೆವಳಿಕೊಂಡು ಹೋದವನು ಅಲ್ಲಿನ ತಂಪಿಗೆ ಹಾಗೇ ನಿದ್ದೆಹೋಗಿದ್ದ. ನಾಲ್ಕು ಗಂಟೆ ಮಲಗಿದರೂ ಟಾರ್ಚು ಬಾಯಿಂದ ಜಾರಲಿಲ್ಲ. ಗೊರಕೆಗೆ ತಕ್ಕ ಹಾಗೆ ಬೆಳಕು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ನೆಲದ ಸಂದಿಯಲ್ಲಿ ಬೆಳಕು ಉಸಿರಾಡುವುದನ್ನು ಕಂಡ ಮನೆಯವರು ಪಾತ್ರೆಪಡಗ ಕಟ್ಟಿಕೊಂಡು ಬೀದಿಗೆ ಬಂದು ನಿಂತಿದ್ದರು.

ಅವನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಮಾತಿನಲ್ಲೂ ಅವಳದು ಸೂಜಿಯದೇ ಕೆಲಸ. ಗಂಡನ ಬಿರುದನ್ನು ಯಾರಾದರೂ ಹೊಗಳಿದರೆ, "ಮೂರ್ಕೈ, ಮೂರ್ಕೈ ಅಂತ ಬೇಗ ಬೇಗ ಹೇಳ್ತಾ ಹೋಗಿ, ಅವರ ಅಸಲಿ ಹೆಸರು ತಾನಾಗೇ ಬಾಯಿಗೆ ಬರುತ್ತೆ" ಎನ್ನುತ್ತಾಳೆ.

ಇಂಥ ಹಲ್ಲಿಗೆ ನೋವು ಬಂತು. ಮೊದಲು ಬಿಸಿ ಚಹಾ ತಗುಲಿದರೆ ಚುಳುಕ್ಕೆನ್ನುತ್ತಿತ್ತು. ಆಮೇಲೆ ತಣ್ಣೀರಿಗೂ ಅದೇ ಮರ್ಯಾದೆ. ಕೊನೆಗೆ ಚಹಾದ ಯೋಚನೆ ಬಂದರೂ ಸಾಕು, ನೋವು ಕಿವಿಯವರೆಗೆ ಏರಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ಮತ್ತೆ ಕೆಳಗಿಳಿದು ಬರುತ್ತಿತ್ತು. ಮೂರ್ಕೈ ಊರಿನವರ ಎಲ್ಲ ರೋಗಕ್ಕೂ ಹೇಳುವ ಕಾರಣವನ್ನೇ ತನಗೂ ಹೇಳಿಕೊಂಡ.

"ಪ್ರೆಶರ್ ಜಾಸ್ತಿ ಆಗಿದೆ ಅಷ್ಟೇ. ತಾನಾಗೇ ಇಳಿಯುತ್ತೆ."

ಇಳಿಯಲಿಲ್ಲ. ಎಡಗಡೆ ದವಡೆಗೆ ಟಾರ್ಚು ಕಚ್ಚಿಕೊಂಡು ನೋಡಿದ. ಮೂವತ್ತು ವರ್ಷ ಬಲಗಡೆಯಿಂದ ಬೆಳಕು ಬಿದ್ದು ಅಭ್ಯಾಸವಾಗಿದ್ದ ಕಣ್ಣಿಗೆ ಲೋಕವೇ ತಿರುಗುಮುರುಗಾಗಿ ಕಂಡಿತು. ಬಿಸಿನೀರಿನ ಪೈಪಿಗೆ ತಣ್ಣೀರು, ತಣ್ಣೀರಿನದಕ್ಕೆ ಬಿಸಿನೀರು ಜೋಡಿಸಿ ಬಂದ. ಆ ಮನೆಯ ಅಜ್ಜ ಮೂರು ದಿನ ಕಮೋಡಿನಲ್ಲಿ ಹಬೆಸ್ನಾನ ಮಾಡಿದರಂತೆ. ಆಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದಳು.

"ಈಗ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತೀರೋ, ಇಲ್ಲ ಊರಿನ ಅಜ್ಜಂದಿರನ್ನೆಲ್ಲ ಬೇಯಿಸಿ ಮುಗಿಸ್ತೀರೋ?"

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರ್ ಕ್ಲಿನಿಕ್ಕು. ಡಾಕ್ಟರಮ್ಮನಿಗೆ ಮೂವತ್ತೈದರ ಆಸುಪಾಸು. ದನಿ ಮೆತ್ತಗೆ, ಕೈ ಅದಕ್ಕಿಂತ ಮೆತ್ತಗೆ. ಮೂರ್ಕೈ ಒಳಗೆ ಹೋದವನು ಅವರನ್ನು ನೋಡಲೇ ಇಲ್ಲ. ರೋಗಿಗಳು ಬಾಯಿ ಮುಕ್ಕಳಿಸಿ ಉಗುಳುವ ಪುಟ್ಟ ಬೇಸಿನ್ನಿನ ಕೆಳಗೆ ಬಗ್ಗಿ, ಪೈಪಿನ ಇಳಿಜಾರು ಎಷ್ಟಿದೆ ಎಂದು ನೋಡಿದ. "ಒಂದು ಬೆರಳು ಇನ್ನೂ ಇಳಿಸಬೇಕಿತ್ತು" ಎಂದ. ಡಾಕ್ಟರಮ್ಮ ಅವನನ್ನು ಹಿಡಿದು ಕುರ್ಚಿಯ ಮೇಲೆ ಮಲಗಿಸಿದರು.

ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದರು.

"ನೋಡಿ, ಇದು ನಿಮ್ಮ ಹಲ್ಲು. ಇವೆರಡು ಬೇರು. ಬೇರಿನ ಒಳಗೆ ಸಣ್ಣ ನಾಳಗಳಿರುತ್ತೆ. ಮೇಲಿಂದ ಹುಳುಕು ಇಳಿದು ಒಳಗಿನ ನರದವರೆಗೂ ಹೋಗಿದೆ. ಬೇರಿನ ತುದೀಲಿ ಕಪ್ಪಗೆ ಕಾಣ್ತಿದೆಯಲ್ಲ, ಅಲ್ಲಿ ಸೋಂಕು. ರೂಟ್ ಕೆನಾಲ್ ಮಾಡಬೇಕು."

ಈ ಮಾತಿನಲ್ಲಿ ಮೂರ್ಕೈಯ ಕಿವಿಗೆ ಬಿದ್ದದ್ದು ಎರಡೇ ಶಬ್ದ. ಬೇರು ಒಂದು, ನಾಳ ಇನ್ನೊಂದು. ಅವನ ಕಸುಬಿನಲ್ಲಿ ಈ ಎರಡು ಒಟ್ಟಿಗೆ ಬಂದರೆ ಅರ್ಥ ಒಂದೇ. ಅಂಗಳದ ಮರ ನೀರಿನ ವಾಸನೆ ಹಿಡಿದು, ಮೋರಿ ಪೈಪಿನ ಜೋಡಣೆಯ ಸಂದಿಯಲ್ಲಿ ಬೇರು ತೂರಿಸಿ, ಒಳಗೆ ಜಡೆ ಬೆಳೆಸಿಕೊಂಡು ಪೈಪು ಕಟ್ಟಿಕೊಳ್ಳುವಂತೆ ಮಾಡಿಬಿಡುತ್ತದೆ. ಅಂಥ ಬೇರನ್ನು ಅವನು ಬದುಕಿನಲ್ಲಿ ಎಷ್ಟು ಎಳೆದು ಹಾಕಿದ್ದಾನೆಂದರೆ, ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿದರೆ ಚಂದ್ರನಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಬಹುದು. ಅವನಿಗೆ ಒಮ್ಮೆಲೇ ನಿರಾಳವಾಯಿತು.

"ಓಹೋ, ಪೈಪಿಗೆ ಬೇರು ನುಗ್ಗಿದೆ ಅನ್ನಿ. ಇಷ್ಟೇನಾ. ಯಾವ ಮರದ್ದು?"

ಡಾಕ್ಟರಮ್ಮ ಇದನ್ನು ಹೆದರಿದ ರೋಗಿಯ ತಮಾಷೆ ಎಂದುಕೊಂಡು ನಕ್ಕರು. ಆ ನಗುವನ್ನು ಅವನು ಹೌದು ಎಂದು ತಿಳಿದ. ಮುಂದಿನ ಅನಾಹುತಕ್ಕೆಲ್ಲ ಬುನಾದಿ ಬಿದ್ದದ್ದು ಅಲ್ಲಿ.

ಆವತ್ತಿನ ಕೆಲಸದಲ್ಲಿ ತಪ್ಪು ಹುಡುಕಲು ಅವನಿಗೂ ಆಗಲಿಲ್ಲ. ಸೂಜಿ ಚುಚ್ಚಿ ಮರಗಟ್ಟಿಸಿದರು. ಆ ಸೂಜಿ ಆವತ್ತು ಸಂಜೆ ಅವನ ವರ್ಣನೆಯಲ್ಲಿ ಮೊಳದುದ್ದವಿತ್ತು. ವಾರ ಕಳೆಯುವುದರೊಳಗೆ ಅದನ್ನು ಎತ್ತಿ ಹಿಡಿಯಲು ಇಬ್ಬರು ನರ್ಸುಗಳು ಬೇಕಾದರು. ಹಲ್ಲಿನ ನೆತ್ತಿಗೆ ತೂತು ಕೊರೆದು, ಕೂದಲಿನಷ್ಟು ತೆಳ್ಳಗಿನ ಅರಗಳನ್ನು ಒಂದಾದ ಮೇಲೊಂದು ನಾಳದೊಳಗೆ ಇಳಿಸಿ ಕೆರೆದರು. ಅರ ಬೇರಿನ ತುದಿ ಮುಟ್ಟಿದಾಗ ಪಕ್ಕದಲ್ಲಿದ್ದ ಪುಟ್ಟ ಯಂತ್ರ ಪೀಂ ಪೀಂ ಎಂದಿತು. ಅದನ್ನು ಕೇಳಿ ಮೂರ್ಕೈಯ ಕಣ್ಣು ತುಂಬಿ ಬಂತು. ಪೈಪು ಎಲ್ಲಿಗೆ ಮುಗಿಯುತ್ತದೆಂದು ತಿಳಿಯದೆ ಅವನು ಈ ಊರಿನಲ್ಲಿ ಎಷ್ಟು ಗೋಡೆ ಒಡೆದಿದ್ದಾನೋ ಅವನಿಗೇ ಲೆಕ್ಕವಿಲ್ಲ. ಆಮೇಲೆ ಒಂದು ದ್ರವ ಬಿಟ್ಟು ನಾಳ ತೊಳೆದರು, ಔಷಧಿ ಇಟ್ಟರು, ಮೇಲೆ ಚಿಟಿಕೆಯಷ್ಟು ಬಿಳಿ ಸಿಮೆಂಟು ಮೆತ್ತಿದರು.

"ಇದು ತಾತ್ಕಾಲಿಕ. ಮುಂದಿನ ಬುಧವಾರ ಬನ್ನಿ, ನಾಳಗಳನ್ನ ತುದಿವರೆಗೂ ತುಂಬಿ ಪೂರ್ತಿ ಮುಚ್ಚಿಬಿಡ್ತೀನಿ. ಆಮೇಲೆ ಮೇಲೊಂದು ಕ್ಯಾಪ್ ಹಾಕಿದರೆ ಆಯ್ತು. ಅಲ್ಲೀವರೆಗೆ ಆ ಕಡೆ ಗಟ್ಟಿ ಪದಾರ್ಥ ಕಚ್ಚಲೇಬಾರದು."

ಮೂರ್ಕೈ ಕುರ್ಚಿಯಲ್ಲಿ ಧಡಕ್ಕನೆ ಎದ್ದು ಕೂತ. ಅರ್ಧ ಬಾಯಿ ಇನ್ನೂ ಅವನ ಸುಪರ್ದಿಗೆ ಬಂದಿರಲಿಲ್ಲ.

"ಮುಫ್ಫೋದಾ? ಯಾಕ್ ಮುಫ್ಫೋದು?"

"ಹೌದು, ಎರಡು ಗಂಟೆ ಏನೂ ತಿನ್ನಬೇಡಿ" ಎಂದು ಡಾಕ್ಟರಮ್ಮ ಮುಂದಿನ ರೋಗಿಯನ್ನು ಕರೆದರು.

ತುಟಿ ತನ್ನದೆಂದು ಗೊತ್ತಾದ ಕೂಡಲೇ ಅವನು ಹೋದದ್ದು ಭಾವಮೈದನ ಹಾರ್ಡ್‌ವೇರ್ ಅಂಗಡಿಗೆ. ಹೆಂಡತಿಯ ತಮ್ಮನಾದ ಈ ಮನುಷ್ಯ ಮೊಳೆಯಿಂದ ಹಿಡಿದು ಅಭಿಪ್ರಾಯದವರೆಗೆ ಎಲ್ಲವನ್ನೂ ಚಿಲ್ಲರೆಯಾಗಿ ಮಾರುತ್ತಾನೆ.

"ನೋಡೋ, ನೀನೂ ಪೈಪಿನ ಮಧ್ಯೆ ಬೆಳೆದವನು, ನ್ಯಾಯವಾಗಿ ಹೇಳು. ಪೈಪಲ್ಲಿ ಬೇರು ಕಟ್ಟಿತ್ತು. ಬೇರು ತೆಗೆದ್ರು. ಸರಿ. ಪೈಪು ತೊಳೆದ್ರು. ಅದೂ ಸರಿ. ನೋವು ನಿಂತಿದೆ, ಒಳಗೆ ಗಾಳಿ ಆಡಿದ ಹಾಗಿದೆ. ಈಗ ಬುಧವಾರ ಬಂದ್ರೆ ಆ ಪೈಪಿಗೆ ತುದಿವರೆಗೂ ಏನೋ ತುಂಬಿ ಮುಚ್ಚಿಬಿಡ್ತಾರಂತೆ. ಕ್ಲೀನ್ ಮಾಡಿದ ಪೈಪನ್ನ ಯಾರಾದ್ರೂ ಮುಚ್ತಾರಾ?"

"ಮುಚ್ಚೋದಾದ್ರೆ ಕ್ಲೀನ್ ಮಾಡಿದ್ದಾದ್ರೂ ಯಾಕೆ ಭಾವ?"

"ಅದೇ ನಾನೂ ಕೇಳ್ತಿರೋದು."

"ಡಾಕ್ಟ್ರು ಒಳ್ಳೆಯವರೇ ಇರಬಹುದು. ಪೈಪ್‌ಲೈನ್ ಗೊತ್ತಿಲ್ಲ ಪಾಪ."

"ಕಾಲೇಜಲ್ಲಿ ಬರೀ ಹಲ್ಲು ಹೇಳಿಕೊಡ್ತಾರೆ" ಎಂದು ಮೂರ್ಕೈ ನಿಟ್ಟುಸಿರು ಬಿಟ್ಟ.

ಬುಧವಾರ ಬಂತು, ಹೋಯಿತು. ಕ್ಲಿನಿಕ್ಕಿನಿಂದ ಫೋನು ಬಂದರೆ "ಬಂದೆ, ದಾರೀಲಿದ್ದೀನಿ" ಎನ್ನುತ್ತಿದ್ದ. ಅದು ನಲ್ಲಿ ರಿಪೇರಿಯವರು ತಲೆಮಾರುಗಳಿಂದ ಗಿರಾಕಿಗಳಿಗೆ ಹೇಳಿಕೊಂಡು ಬಂದ ಮಾತು. ಇದನ್ನು ನಂಬಿ ಕೂತವರಲ್ಲಿ ಕೆಲವರಿಗೆ ಮೊಮ್ಮಕ್ಕಳಾಗಿವೆ. ಡಾಕ್ಟರಮ್ಮನೂ ನಂಬಿದರು.

ಹೆಂಡತಿ ಮಾತ್ರ ನಂಬಲಿಲ್ಲ. ಒಂದು ಬೆಳಗ್ಗೆ ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಕೇಳಿದಳು.

"ಅರ್ಧ ಹೊಲಿದ ಅಂಗೀನ ಯಾರಾದ್ರೂ ಹಾಕ್ಕೊಂಡು ಓಡಾಡ್ತಾರೇನ್ರೀ? ಹೋಗಿ ಮುಗಿಸಿಕೊಂಡು ಬನ್ನಿ."

"ನಿನಗೆ ಗೊತ್ತಾಗಲ್ಲ ಸುಮ್ನಿರೇ. ಲೀಕ್ ನಿಂತ್ಮೇಲೆ ಗೋಡೆ ಒಡೆಯೋಕೆ ನನಗೇನು ಹುಚ್ಚಾ? ನೋವಿದೆಯಾ? ಇಲ್ಲ. ಮತ್ತೆ?"

"ಊರಿನೋರಿಗೆ ನೀವು ಹೇಳೋದು ಬೇರೆ ಥರಾ ಇರುತ್ತಲ್ಲ. ತೊಟ್ಟಿಕ್ಕೋದು ನಿಂತ ತಕ್ಷಣ ರಿಪೇರಿ ಆಯ್ತು ಅಂದ್ಕೋಬೇಡಿ ಅಂತ."

"ಅದು ಅವರ ಪೈಪು, ಇದು ನನ್ನ ಪೈಪು."

ಆ ಪೈಪನ್ನು ಅವನು ಮೊದಲಿನಂತೆಯೇ ದುಡಿಸಿಕೊಂಡ. ನೋವಿದ್ದಾಗ ಹಲ್ಲು ಮಾಡದೆ ಉಳಿಸಿದ ಕೆಲಸವೆಲ್ಲ ಬಾಕಿ ಇದೆಯೆಂದು, ಟಾರ್ಚಿನ ಜೊತೆಗೆ ಆಗಾಗ ಪಾನಾವನ್ನೂ ಕಚ್ಚಿಕೊಂಡ. ಮೂರನೆಯ ವಾರ, ಯಾರದೋ ಬಚ್ಚಲಿನ ಮೂಲೆಯಲ್ಲಿ ಮಲಗಿದ್ದಾಗ, ಬಿಳಿ ಸಿಮೆಂಟಿನ ಚೂರು ಕಳಚಿ ನಾಲಿಗೆಯ ಮೇಲೆ ಬಿತ್ತು. ಹಲ್ಲಿನ ನೆತ್ತಿಯಲ್ಲಿ ಗುಂಡಿ. ನಾಲಿಗೆ ಆ ಗುಂಡಿಗೆ ಹೋಗಿ ಬರುವುದನ್ನೇ ಕಸುಬು ಮಾಡಿಕೊಂಡಿತು. ಮೂರ್ಕೈಯ ವೃತ್ತಿಗೌರವಕ್ಕೆ ಅದು ಪೆಟ್ಟು. ತನ್ನ ಬಾಯಿಯಲ್ಲೇ ಒಂದು ತೂತು ಬಾಯಿ ಬಿಟ್ಟುಕೊಂಡಿರುವುದೆಂದರೇನು?

ಭಾವಮೈದನ ಅಂಗಡಿಯಲ್ಲಿ ಒಡೆದ ಪೈಪಿಗೆ ಮೆತ್ತುವ ಅಂಟು ಸಿಗುತ್ತದೆ. ಎರಡು ಪೊಟ್ಟಣ, ಎರಡು ಬಣ್ಣ. ಎರಡನ್ನೂ ಚಿಟಿಕೆ ಚಿಟಿಕೆ ತೆಗೆದು ಬೆರಳಲ್ಲಿ ನಾದಿ ಒತ್ತಿದರೆ ಹತ್ತು ನಿಮಿಷದಲ್ಲಿ ಕಲ್ಲು.

"ಪೊಟ್ಟಣದ ಮೇಲೆ ಬರೆದಿದೆ ನೋಡಿ ಭಾವ. ಬಿಸಿನೀರು ತಡೆಯುತ್ತೆ, ಆಮ್ಲ ತಡೆಯುತ್ತೆ, ಒತ್ತಡ ತಡೆಯುತ್ತೆ. ಬಾಯಲ್ಲಿ ಇದಕ್ಕಿಂತ ಜಾಸ್ತಿ ಏನಿರುತ್ತೆ?"

"ನಿಮ್ಮಕ್ಕನ ಮಾತಿರುತ್ತೆ" ಎಂದ ಮೂರ್ಕೈ, ಅಂಗಡಿಯ ಕನ್ನಡಿಯ ಮುಂದೆ ಬಾಯಿ ತೆರೆದು, ಬಟಾಣಿ ಗಾತ್ರದ ಬೂದುಬಣ್ಣದ ಮುದ್ದೆಯನ್ನು ತನ್ನ ದವಡೆಗೆ ತಾನೇ ಒತ್ತಿಕೊಂಡ. ಹೆಬ್ಬೆರಳಿನಿಂದ ನಯ ಮಾಡಿದ. ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿದ. ಇಂಥ ಅಚ್ಚುಕಟ್ಟಾದ ಕೆಲಸವನ್ನು ಅವನು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ.

ಎರಡು ದಿನ ಅದೂ ಗಟ್ಟಿ, ಇವನೂ ಗಟ್ಟಿ. ಮೂರನೆಯ ದಿನ ಕೆನ್ನೆ ಊದಲು ಶುರುವಾಯಿತು. ಬೆಳಗ್ಗೆ ನಿಂಬೆಹಣ್ಣು, ಮಧ್ಯಾಹ್ನ ಕಿತ್ತಳೆ, ಸಂಜೆಗೆ ಹಣ್ಣಿನ ಅಂಗಡಿಯಲ್ಲಿ ಹೋಲಿಕೆ ಸಿಗದಾಯಿತು. ಮರುದಿನ ಅವನು ನಮ್ಮ ಬೀದಿಯ ತಿರುವಿನಲ್ಲಿ ಬರುವಾಗ ಮೊದಲು ಕೆನ್ನೆ ಬಂತು, ಸ್ವಲ್ಪ ಹೊತ್ತಿನ ಮೇಲೆ ಅವನು ಬಂದ. ಅವನ ಹಿಂದೆ, ದನಕ್ಕೆ ದಾರಿ ತೋರಿಸುವವಳಂತೆ, ಹೆಂಡತಿ. ನೋವಿಗೆ ಅವನ ಕಣ್ಣು ಕೋಡಿ ಹರಿಯುತ್ತಿತ್ತು. ಜಗತ್ತಿನಲ್ಲಿ ಅವನಿಗೆ ನಿಲ್ಲಿಸಲಾಗದ ಸೋರಿಕೆ ಅದೊಂದೇ.

ಡಾಕ್ಟರಮ್ಮ ಬಾಯಿಯೊಳಗೆ ಕನ್ನಡಿ ಇಟ್ಟು ನೋಡಿದರು. ದೀಪ ಹತ್ತಿರಕ್ಕೆ ಎಳೆದು ಮತ್ತೆ ನೋಡಿದರು.

"ಇದೇನ್ರೀ ಇದು? ಬೂದು ಬಣ್ಣದ್ದು? ನಾನು ಹಾಕಿದ್ದಲ್ಲ."

ಮೂರ್ಕೈ ಸೀಲಿಂಗ್ ಫ್ಯಾನು ನೋಡಿದ.

"ಪೈಪಿಗೆ ಹಾಕೋ ಅಂಟು ಡಾಕ್ಟ್ರೇ" ಎಂದಳು ಹೆಂಡತಿ. "ನನ್ನ ತಮ್ಮ ಕೊಟ್ಟಿದ್ದು, ಇವರು ಮೆತ್ತಿಕೊಂಡಿದ್ದು. ಇಬ್ಬರನ್ನೂ ಒಂದೇ ಮನೆಗೆ ತಂದಿದ್ದು ನಾನು, ತಪ್ಪು ನಂದೇ."

ಡಾಕ್ಟರಮ್ಮ ಕೈಗವಸು ಕಳಚಿ ಸ್ಟೂಲಿನ ಮೇಲೆ ಕೂತರು. ಅವರಿಗೆ ಸಿಟ್ಟು ಬಂದಿತ್ತು. ಮೆತ್ತಗಿನ ದನಿಯವರ ಸಿಟ್ಟು ಇನ್ನೂ ಮೆತ್ತಗಿರುತ್ತದೆ, ಅದಕ್ಕೇ ಹೆಚ್ಚು ಹೆದರಿಕೆ.

"ಈಗ ನಾನು ಯಾವ ಭರವಸೆನೂ ಕೊಡಲ್ಲ. ಮೊದಲು ಈ ಕಲ್ಲನ್ನ ಕೊರೆದು ತೆಗೀಬೇಕು. ಒಳಗೆ ಕೀವು ತುಂಬಿದೆ, ಅದನ್ನ ಬಿಡಬೇಕು. ಆಮೇಲೆ ಹಲ್ಲು ಸೀಳಿದೆಯಾ ಅಂತ ನೋಡಬೇಕು. ಸೀಳು ಬೇರಿಗೆ ಇಳಿದಿದ್ರೆ ಕೀಳೋದೊಂದೇ ದಾರಿ."

"ಕೀಳಬೇಡಿ" ಎಂದ ಮೂರ್ಕೈ. ಮೊದಲ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಅದು ಹೋದ್ರೆ ನನ್ನ ಕೈ ಹೋದ ಹಾಗೆ."

"ಹಲ್ಲಿಗೂ ಕೈಗೂ ಏನು ಸಂಬಂಧ?"

ಅವನು ಚೀಲದಿಂದ ಉಕ್ಕಿನ ಟಾರ್ಚು ತೆಗೆದು ತೋರಿಸಿದ. ಹಿಡಿಯ ಮೇಲೆ ಮೂವತ್ತು ವರ್ಷದ ಹಲ್ಲಿನ ಗುರುತುಗಳಿದ್ದವು. ಆ ಹಲ್ಲಿಲ್ಲದಿದ್ದರೆ ಸಿಂಕಿನ ಕೆಳಗೆ, ನೆಲದಡಿ, ಗೋಡೆಯ ಸಂದಿಯಲ್ಲಿ ತಾನು ಒಬ್ಬನೇ ಕೆಲಸ ಮಾಡಲಾರೆ, ರಸ್ತೆಯಲ್ಲಿ ನಿಂತು ತೊಟ್ಟಿ ತೊಳೆಯುವುದಷ್ಟೇ ಉಳಿಯುತ್ತದೆ ಎಂದ. ಡಾಕ್ಟರಮ್ಮ ಟಾರ್ಚನ್ನು ಕೈಯಲ್ಲಿ ತೂಗಿ ನೋಡಿದರು. ಅವರ ಮುಖ ನೋಡಿದರೆ, ಯಾರೋ ಅವರ ಕೈಗೆ ಕೊಲೆಯ ಆಯುಧ ಕೊಟ್ಟ ಹಾಗಿತ್ತು.

"ಇಷ್ಟು ಮುಖ್ಯವಾದ ಹಲ್ಲು ಅಂತೀರ. ಮತ್ತೆ ಬುಧವಾರ ಯಾಕೆ ಬರಲಿಲ್ಲ?"

ಮೂರ್ಕೈ ಹೆಂಡತಿಯ ಕಡೆ ನೋಡಿದ. ಅವಳು ಹೇಳಿ ಎನ್ನುವಂತೆ ಗಲ್ಲ ಎತ್ತಿದಳು.

"ತಪ್ಪು ತಿಳೀಬೇಡಿ ಡಾಕ್ಟ್ರಮ್ಮ. ನೀವು ಕ್ಲೀನ್ ಮಾಡಿದ ಪೈಪನ್ನ ಮುಚ್ತೀನಿ ಅಂದ್ರಿ. ನಮ್ಮ ಕೆಲಸದಲ್ಲಿ ಹಾಗೆ ಮಾಡಿದ್ರೆ ಗಿರಾಕಿ ಹೊಡೀತಾರೆ. ಬೇರು ತೆಗೆದ್ಮೇಲೆ ನೀರು ಹರಿಯೋಕೆ ಬಿಡಬೇಕು."

"ಯಾವ ನೀರು?"

"ಅದೇ, ಹಲ್ಲಿನ ಒಳಗೆ ಹರಿಯೋದು."

"ಹಲ್ಲಿನ ಒಳಗೆ ಈಗ ಏನೂ ಹರಿಯಲ್ಲ ಕಣ್ರೀ. ಮೊದಲು ನರ, ರಕ್ತ ಎಲ್ಲ ಇತ್ತು. ಅದು ಕೊಳೆತು ಸತ್ತುಹೋಗಿತ್ತು, ನಾನು ತೆಗೆದೆ. ಬೇರು ಅಂದ್ರೆ ಮರದ ಬೇರಲ್ಲ, ಹಲ್ಲಿನದೇ ಬೇರು, ಅದು ಅಲ್ಲೇ ಇದೆ. ಅದರ ಒಳಗಿನ ನಾಳ ಮಾತ್ರ ಖಾಲಿ."

ಮೂರ್ಕೈ ನಿಧಾನವಾಗಿ ಕೇಳಿದ.

"ಸತ್ತಿದೆ ಅಂದ್ರಾ?"

"ಸತ್ತಿದೆ."

"ಒಂದು ಕಡೆಯಿಂದ ಬರೋದೂ ಇಲ್ಲ, ಇನ್ನೊಂದು ಕಡೆ ಹೋಗೋದೂ ಇಲ್ಲ?"

"ಇಲ್ಲ."

"ಅಂದ್ರೆ ಅದು ಸತ್ತ ಲೈನಾ?"

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಆಗ ಮೂರ್ಕೈ, ಕೀವು ತುಂಬಿದ ಕೆನ್ನೆಯನ್ನು ಅಂಗೈಯಲ್ಲಿ ಹೊತ್ತುಕೊಂಡೇ ವಿವರಿಸಿದ. ಮನೆಯವರು ಹಳೆಯ ಬಚ್ಚಲು ತೆಗೆದು ಕೋಣೆ ಮಾಡಿಕೊಳ್ಳುತ್ತಾರೆ. ನಲ್ಲಿ ಬಿಚ್ಚುತ್ತಾರೆ, ಗೋಡೆಯೊಳಗಿನ ಪೈಪು ಮಾತ್ರ ಹಾಗೇ ಬಿಡುತ್ತಾರೆ. ಅದೇ ಸತ್ತ ಲೈನು. ಅದನ್ನು ತೊಳೆದು, ತುದಿಯವರೆಗೆ ಗಿಡಿದು ತುಂಬಿ ಮುಚ್ಚಬೇಕು. ಮುಚ್ಚದಿದ್ದರೆ ಎಲ್ಲಿಂದಲೋ ಪಸೆ ಇಳಿದು, ಒಳಗೆ ನಿಂತು ಕೊಳೆತು, ನಾರಿ, ಒಂದು ದಿನ...

"ಒಂದು ಮನೇಲಿ ಹೀಗೇ ಆಗಿತ್ತು ಡಾಕ್ಟ್ರಮ್ಮ. ಯಾವನೋ ತಲೆಯಿಲ್ಲದ ರಿಪೇರಿಯವನು ಮುಚ್ಚದೇನೇ ಹೋಗಿದ್ದ. ಮೇಲೆ ಒಂದಿಷ್ಟು ಅಂಟು ಮೆತ್ತಿ ಹೋಗಿದ್ದ ಅಷ್ಟೇ. ನಾನು ಹೋಗಿ ನೋಡ್ತೀನಿ, ಗೋಡೆ ಹೀಗೆ ಊದಿಕೊಂಡು..."

ಅಲ್ಲಿಗೆ ಅವನ ಮಾತು ನಿಂತಿತು. ಗೋಡೆ ಎಷ್ಟು ಊದಿತ್ತೆಂದು ತೋರಿಸಲು ಎತ್ತಿದ ಕೈ ಅವನ ಕೆನ್ನೆಯ ಮುಂದೆಯೇ ನಿಂತಿತ್ತು, ಅಳತೆ ಸರಿಯಾಗಿ ಹೊಂದುತ್ತಿತ್ತು.

ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಅವಳ ಹೆಗಲು ಕುಲುಕುತ್ತಿತ್ತು, ಅಳುವಿನಿಂದಲ್ಲ.

"ಸತ್ತ ಲೈನು ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತಾ ಡಾಕ್ಟ್ರಮ್ಮ" ಎಂದ ಮೂರ್ಕೈ ಕುರ್ಚಿಗೆ ಒರಗಿ, ತಾನಾಗಿಯೇ ಬಾಯಿ ತೆರೆದ. ಮತ್ತೆ ಮುಚ್ಚಿ ಕೇಳಿದ. "ಎಷ್ಟು ಲೈನಿದೆ?"

"ಬೇರು ಎರಡು, ನಾಳ ಮೂರು."

"ಮೂರನ್ನೂ ತುದಿವರೆಗೆ ಗಿಡೀತೀರಾ? ಮಧ್ಯೆ ಗಾಳಿ ಬಿಡಬಾರದು."

"ಬಿಡಲ್ಲ. ನೀವು ಬಾಯಿ ಬಿಡಿ."

ಅಂಟು ಕೊರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಪೊಟ್ಟಣದ ಮೇಲೆ ಬರೆದದ್ದೆಲ್ಲ ನಿಜವಾಗಿತ್ತು. ಮುಚ್ಚಳ ಒಡೆದ ಕೂಡಲೇ ಕೀವು ಹೊರಬಂತು, ಜೊತೆಗೆ ಒಂದು ವಾಸನೆಯೂ ಬಂತು. ಮೂರ್ಕೈ ಅದನ್ನು ಗುರುತು ಹಿಡಿದ. ಮೋರಿಗಳಲ್ಲಿ ಮೂವತ್ತು ವರ್ಷ ಕಳೆದವನು ತನ್ನದೇ ಬಾಯಿಯ ಮುಂದೆ ಮೂಗು ಮುಚ್ಚಿಕೊಂಡ. ನೋವು ಅಲ್ಲೇ ಅರ್ಧ ಇಳಿಯಿತು. ನಾಳ ತೊಳೆದು ಔಷಧಿಯಿಟ್ಟು, ನುಂಗಲು ಮಾತ್ರೆ ಬರೆದು, ಸೀಳಿನ ವಿಷಯ ಊತ ಇಳಿದ ಮೇಲೆ ನೋಡೋಣ, ಹತ್ತು ದಿನ ಬಿಟ್ಟು ಬನ್ನಿ ಎಂದರು.

ಆ ಹತ್ತು ದಿನ ಮೂರ್ಕೈ ನಡೆದುಕೊಂಡ ರೀತಿಗೆ ಊರೇ ಬೆರಗಾಯಿತು. ಬಲಗಡೆಯಿಂದ ಬೀಸುವ ಗಾಳಿಗೂ ಬಾಯಿ ಕೊಡಲಿಲ್ಲ. ಗಂಜಿಯನ್ನೂ ಎಡಗಡೆ ಅಗಿದು ಕುಡಿದ. ಸಣ್ಣ ಜಾಗದ ಕೆಲಸಕ್ಕೆ ಕರೆದವರಿಗೆಲ್ಲ ಇಲ್ಲವೆಂದ. ಊರಿನಲ್ಲಿ ಹದಿನಾಲ್ಕು ಸಿಂಕುಗಳು ಅವನ ದವಡೆಯ ದಾರಿ ಕಾಯುತ್ತಾ ಸೋರುತ್ತಿದ್ದವು. ಹತ್ತನೆಯ ದಿನ ಕ್ಲಿನಿಕ್ಕು ತೆರೆಯುವ ಒಂದು ಗಂಟೆ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದ. ನಲ್ಲಿ ರಿಪೇರಿಯವನೊಬ್ಬ ಹೇಳಿದ ಹೊತ್ತಿಗಿಂತ ಮೊದಲು ಬಂದದ್ದನ್ನು ನೋಡಲು ಔಷಧಿ ಅಂಗಡಿಯವನು ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದು ನಿಂತ.

ಡಾಕ್ಟರಮ್ಮ ಹಲ್ಲಿಗೆ ನೀಲಿ ಬಣ್ಣ ಸವರಿದರು. ಸೀಳಿದ್ದರೆ ಬಣ್ಣ ಅದರೊಳಗೆ ಇಳಿದು ಗೆರೆ ಕಾಣಿಸುತ್ತದೆ. ತೊಳೆದು ನೋಡಿದರು. ಗೆರೆ ಇತ್ತು. ಮೂರ್ಕೈಯ ಮುಖದಿಂದ ರಕ್ತ ಇಳಿದದ್ದು ಹೆಂಡತಿಗೆ ಬಾಗಿಲ ಬಳಿಯಿಂದಲೇ ಕಂಡಿತು. ಅವಳು ಒಳಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಸೂಜಿ ಚುಚ್ಚುವ ಬದಲು ಅವಳು ಹೀಗೆ ಮಾಡಿದ್ದಕ್ಕೆ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು. ಡಾಕ್ಟರಮ್ಮ ಸಣ್ಣ ಕಡ್ಡಿಯಿಂದ ವಸಡಿನ ಅಂಚನ್ನು ಸುತ್ತಲೂ ತಟ್ಟಿ ನೋಡಿದರು, ಇನ್ನೊಂದು ಎಕ್ಸ್‌ರೇ ತೆಗೆದರು, ಕನ್ನಡಕ ಮೇಲೆ ಸರಿಸಿದರು.

"ಮೇಲ್ಭಾಗದಲ್ಲೇ ನಿಂತಿದೆ. ಬೇರಿಗೆ ಇಳಿದಿಲ್ಲ. ಇನ್ನೊಂದು ವಾರ ಅದನ್ನ ಕಚ್ಚಿದ್ದಿದ್ರೆ ಇವತ್ತು ನಿಮ್ಮ ಕೈಗೆ ಕಿತ್ತು ಕೊಡ್ತಿದ್ದೆ."

ಮಿಕ್ಕದ್ದು ಅವನಿಗೆ ಪಾಠದ ಹಾಗಿತ್ತು. ಬಾಯಿಗೆ ರಬ್ಬರಿನ ಹಾಳೆ ಹೊದಿಸಿ ಆ ಒಂದು ಹಲ್ಲನ್ನು ಮಾತ್ರ ಹೊರಗೆ ಇಣುಕಿಸಿದ್ದರು. ಮೂರು ನಾಳಕ್ಕೂ ರಬ್ಬರಿನಂಥ ತೆಳ್ಳಗಿನ ಕಡ್ಡಿಗಳನ್ನು ಅಂಟು ಸವರಿ ಇಳಿಸಿ, ಬಿಸಿ ಮಾಡಿ ಒತ್ತಿದರು. ಮುಗಿದ ಮೇಲೆ ಪರದೆಯಲ್ಲಿ ತೋರಿಸಿದರು. ಬೇರಿನ ಉದ್ದಕ್ಕೂ ಮೂರು ಬಿಳಿ ಗೆರೆ, ತುದಿಗೆ ಸರಿಯಾಗಿ ನಿಂತಿದ್ದವು. ಮೂರ್ಕೈ ಎದ್ದು ಹೋಗಿ ಪರದೆಗೆ ಮೂಗು ತಾಗಿಸಿ ನೋಡಿದ.

"ಒಂದು ಚುಕ್ಕೆ ಗಾಳಿ ಇಲ್ಲ" ಎಂದ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಬಿರುದು ಯಾರಿಗೂ ಸಿಕ್ಕಿಲ್ಲ. "ಡಾಕ್ಟ್ರಮ್ಮ, ನೀವು ನಮ್ಮ ಲೈನಿಗೆ ಬರಬೇಕಿತ್ತು."

ಮುಂದಿನ ವಾರ ಕ್ಯಾಪ್ ಕೂರಿಸಿದರು. ಕಚ್ಚಿ ನೋಡಿದ, ಸರಿಯಾಗಿತ್ತು. ಇನ್ನೂ ಕುರ್ಚಿಯಿಂದ ಇಳಿಯುವ ಮೊದಲೇ ಅವನ ಕೈ ಚೀಲದ ಕಡೆ ಹೋಯಿತು. ಡಾಕ್ಟರಮ್ಮ ಟಾರ್ಚನ್ನು ಅವನಿಗಿಂತ ಮೊದಲು ತೆಗೆದುಕೊಂಡರು.

"ಊಟ ಮಾಡಿ, ಮಾತಾಡಿ, ನಗಿ. ಇದನ್ನ ಮಾತ್ರ ಇನ್ನು ಕಚ್ಚಬಾರದು. ಯಾವತ್ತೂ."

"ಅದಕ್ಕೇ ಅಲ್ವಾ ಉಳಿಸಿಕೊಂಡಿದ್ದು?"

"ಕಚ್ಚಿದ್ರೆ ಉಳಿಯಲ್ಲ."

"ವಾರಕ್ಕೊಂದ್ಸಲ?"

"ಇಲ್ಲ."

"ಸಣ್ಣ ಟಾರ್ಚು? ಪ್ಲಾಸ್ಟಿಕ್ಕಿಂದು?"

"ಸತ್ತ ಲೈನಿನ ಮೇಲೆ ನೀವು ನೀರಿನ ಟ್ಯಾಂಕ್ ನಿಲ್ಲಿಸ್ತೀರಾ?"

ಮೂರ್ಕೈಯ ಭಾಷೆಯಲ್ಲೇ ಅವನ ಬಾಯಿ ಮುಚ್ಚಿಸಿದ್ದು ಆ ಊರಿನಲ್ಲಿ ಡಾಕ್ಟರಮ್ಮನೇ ಮೊದಲು. ಆದರೂ ಮೆಟ್ಟಿಲಿಳಿಯುವಾಗ ಅವನು ಎರಡು ಸಲ ನಿಂತ. ಹಲ್ಲು ಬಾಯಲ್ಲೇ ಇದೆ, ಕೈ ಮಾತ್ರ ಹೋಯಿತು ಎಂದು ಗೊಣಗಿದ.

"ಅಯ್ಯೋ ಬನ್ನಿ, ನಾನು ಹಿಡಿದುಕೊಳ್ತೀನಿ" ಎಂದಳು ಹೆಂಡತಿ. "ಬೆಳಗ್ಗೆ ಎರಡು ಗಂಟೆ ಹೊಲಿಗೆ ನಿಂತ್ರೆ ಊರೇನು ಬತ್ತಲೆ ತಿರುಗಲ್ಲ."

ಆಗ ಊರಿಗೆ ಗೊತ್ತಾದದ್ದು ಇನ್ನೊಂದು ವಿಷಯ. ಮೂವತ್ತು ವರ್ಷದಲ್ಲಿ ಕೆಲಸದ ನಡುವೆ ಮೂರ್ಕೈಯ ದನಿಯನ್ನು ಒಬ್ಬರೂ ಕೇಳಿರಲಿಲ್ಲ, ಬಾಯಲ್ಲಿ ಉಕ್ಕಿರುತ್ತಿತ್ತಲ್ಲ. ಈಗ ಬಾಯಿ ಬಿಡುವಾಗಿತ್ತು. ಮೂವತ್ತು ವರ್ಷದ ಮಾತು ಹಿಂದೆ ಒತ್ತಿಕೊಂಡು ನಿಂತಿತ್ತು. ನಲ್ಲಿಯ ವಾಷರ್ ಬದಲಿಸಲು ಕರೆದವರಿಗೆ ಬೇರು ಎಂದರೇನು, ನಾಳ ಎಂದರೇನು, ನೋವು ನಿಂತರೂ ಬುಧವಾರ ಯಾಕೆ ಹೋಗಲೇಬೇಕು ಎಂಬುದೆಲ್ಲ ಪುಕ್ಕಟೆ ಸಿಗತೊಡಗಿತು. ಇಪ್ಪತ್ತು ನಿಮಿಷದ ಕೆಲಸ ಒಂದೂವರೆ ಗಂಟೆಯಾಯಿತು. ಅವನ ಪಾಠಕ್ಕೆ ಹೆದರಿ ಊರಿನ ಅರ್ಧ ಜನ ಹಲ್ಲಿನ ಡಾಕ್ಟರ ಬಳಿ ಓಡಿದರು, ಇನ್ನರ್ಧ ಜನ ನಲ್ಲಿ ಸೋರಿದರೆ ಸೋರಲಿ ಎಂದು ಬಕೆಟ್ಟು ಇಟ್ಟುಕೊಂಡು ಬಾಯಿ ಮುಚ್ಚಿ ಕೂತರು.

ಮೊನ್ನೆ ನಮ್ಮ ಸಿಂಕಿಗೂ ಕರೆಸಬೇಕಾಯಿತು. ಅವನು ಕಪಾಟಿನೊಳಗೆ ಮಲಗಿದ್ದ, ಕಾಲು ಮಾತ್ರ ಹೊರಗಿತ್ತು. ಹೆಂಡತಿ ಬದಿಯಲ್ಲಿ ಮಣೆ ಹಾಕಿಕೊಂಡು ಕೂತು, ಕೈ ಒಳಗೆ ಚಾಚಿ ಟಾರ್ಚು ಹಿಡಿದಿದ್ದಳು.

"ನಾಳ ಮೂರೇ ಇರುತ್ತೆ ಅಂತ ತಿಳ್ಕೋಬೇಡಿ" ಎಂದು ಒಳಗಿನಿಂದ ದನಿ ಬರುತ್ತಿತ್ತು. "ಕೆಲವರಿಗೆ ನಾಲ್ಕಿರುತ್ತೆ. ನಾಲ್ಕನೇದು ಡಾಕ್ಟ್ರ ಕಣ್ಣಿಗೂ ಬೇಗ ಬೀಳಲ್ಲ, ಅದೇ ಗೋಡೆ ಹಿಂದಿನ ಕಳ್ಳ ಲೈನು. ಒಂದು ಮನೇಲಿ ಏನಾಯ್ತು ಅಂದ್ರೆ..."

ಟಾರ್ಚಿನ ಗುಂಡಿಯ ಮೇಲೆ ಅವಳ ಹೆಬ್ಬೆರಳ ತುದಿ ಒತ್ತಿತು. ಕಪಾಟು ಕತ್ತಲಾಯಿತು.

"ಏ, ಆಯ್ತು. ಹೇಳಲ್ಲ. ದೀಪ ಹಾಕೇ."

ಅವಳು ಒಂದರಿಂದ ಹತ್ತರವರೆಗೆ ನಿಧಾನವಾಗಿ ಎಣಿಸಿ, ದೀಪ ಹಾಕಿದಳು. ಮೂರು ನಿಮಿಷದಲ್ಲಿ ಸಿಂಕು ರಿಪೇರಿಯಾಯಿತು.